ಜಾವಾನೋ ಡಾಟ್‌ನೆಟ್ಟೋ: ಭಾಷೆಯ ಜಗಳದಾಚೆ ಕೇಳಬೇಕಾದ ಮೂರು ಪ್ರಶ್ನೆಗಳು

ಇಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಸೇರಿದ ಮೊದಲ ವಾರ. ಟ್ರೈನಿಂಗ್ ಹಾಲ್‌ನ ಹೊರಗೆ ಒಂದು ಪಟ್ಟಿ ಅಂಟಿಸಿದ್ದರು. ಅರ್ಧ ಹೆಸರುಗಳ ಮುಂದೆ ಜಾವಾ, ಇನ್ನರ್ಧದ ಮುಂದೆ ಡಾಟ್‌ನೆಟ್. ನನಗೆ ಬಂದಿದ್ದು ಡಾಟ್‌ನೆಟ್, ರೂಮ್‌ಮೇಟ್‌ಗೆ ಜಾವಾ. ಯಾಕೆ ಹೀಗೆ ಅಂತ ಕೇಳಿದರೆ, "ಪ್ರಾಜೆಕ್ಟ್‌ಗಳ ಬೇಡಿಕೆ ನೋಡ್ಕೊಂಡು ಹಂಚಿದ್ದೀವಿ" ಅಂದರು. ಅಷ್ಟೇ. ಮುಂದಿನ ಕೆಲವು ವರ್ಷ ನಾವಿಬ್ಬರೂ ರಾತ್ರಿ ಊಟದ ಹೊತ್ತಿಗೆ ಜಾವಾ ದೊಡ್ಡದೋ ಡಾಟ್‌ನೆಟ್ ದೊಡ್ಡದೋ ಅಂತ ಜಗಳ ಆಡಿದ್ದೇ ಆಡಿದ್ದು. ತಾವು ಆರಿಸಿಕೊಳ್ಳದೇ ಬಂದ ಗುರುತಿಗಾಗಿ ಜನ ಜಗಳಕ್ಕೆ ನಿಲ್ಲುವುದು ನಮ್ಮಲ್ಲಿ ಹೊಸದೇನಲ್ಲವಲ್ಲ!

ಕೋಡ್ ಬರೆಯುವುದು ಬಿಟ್ಟು ವರದಿ ಬರೆಯಲು ಶುರು ಮಾಡಿದ ಮೇಲೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾಲೇಜು ಹುಡುಗರು ಕೇಳುತ್ತಾರೆ: "ಯಾವುದು ಕಲೀಲಿ?" ಸರ್ಕಾರದ ಯಾವುದೋ ಪೋರ್ಟಲ್ ಕುಸಿದು ಬಿದ್ದಾಗ ಸೋಷಿಯಲ್ ಮೀಡಿಯಾದಲ್ಲಿ ಒಬ್ಬರಾದರೂ ಬರೆಯುತ್ತಾರೆ: "ಆ ಟೆಕ್ನಾಲಜಿ ಬಳಸಿದ್ದೇ ತಪ್ಪು." ಬ್ಯಾಂಕು, ವಿಮೆ, ತೆರಿಗೆ, ಭೂದಾಖಲೆ ಹೀಗೆ ನಮ್ಮ ಬದುಕಿನ ಲೆಕ್ಕ ಇಟ್ಟುಕೊಳ್ಳುವ ವ್ಯವಸ್ಥೆಗಳಲ್ಲಿ ದೊಡ್ಡ ಪಾಲು ಓಡುತ್ತಿರುವುದು ಈ ಎರಡರಲ್ಲಿ ಒಂದರ ಮೇಲೆ. ಆದ್ದರಿಂದ ಇದು ಇಂಜಿನಿಯರುಗಳ ಕ್ಯಾಂಟೀನ್ ಜಗಳಕ್ಕೆ ಮಾತ್ರ ಸೇರಿದ ವಿಷಯವಲ್ಲ. ಇವು ಏನು, ಇವುಗಳ ನಡುವೆ ಏನು ನಡೆಯಿತು, ಹೋಲಿಸುವುದು ಹೇಗೆ ಎಂಬುದನ್ನು ಒಂದೇ ಕಡೆ ಇಡುವ ಪ್ರಯತ್ನ ಇದು.

ಎರಡೂ ಮಾಡುವ ಕೆಲಸ ಏನು?

ಕಂಪ್ಯೂಟರಿನ ಪ್ರೊಸೆಸರ್‌ಗೆ ತಿಳಿಯುವುದು ಅದರದ್ದೇ ಸೂಚನೆಗಳು ಮಾತ್ರ. ಹಳೆಯ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಅನ್ನು ವಿಂಡೋಸ್‌ಗೆ ಬೇರೆ, ಲಿನಕ್ಸ್‌ಗೆ ಬೇರೆ ಕಂಪೈಲ್ ಮಾಡಬೇಕು. ಜಾವಾ ನಡುವೆ ಒಬ್ಬ ದುಭಾಷಿಯನ್ನು ಕೂರಿಸಿತು. ನೀವು ಬರೆದ ಕೋಡ್ ಮೊದಲು ಬೈಟ್‌ಕೋಡ್ ಎಂಬ ಮಧ್ಯದ ರೂಪಕ್ಕೆ ಬರುತ್ತದೆ. ಪ್ರೋಗ್ರಾಂ ಓಡುತ್ತಿರುವಾಗಲೇ ಅದನ್ನು ಆಯಾ ಯಂತ್ರದ ಭಾಷೆಗೆ ತಿರುಗಿಸುವವನು ಜೆವಿಎಂ, ಅಂದರೆ ಜಾವಾ ವರ್ಚುವಲ್ ಮೆಷಿನ್. ಬೇರೆ ಕಂಪ್ಯೂಟರಿಗೆ ಹೋದರೆ ಬದಲಾಗುವುದು ದುಭಾಷಿ ಮಾತ್ರ, ನಿಮ್ಮ ಕೋಡ್ ಅದೇ.

ಡಾಟ್‌ನೆಟ್‌ನಲ್ಲೂ ಇದೇ ಏರ್ಪಾಡು. ಅಲ್ಲಿ ಮಧ್ಯದ ರೂಪಕ್ಕೆ ಐಎಲ್ ಅಂತಾರೆ, ದುಭಾಷಿಗೆ ಸಿಎಲ್‌ಆರ್ ಅಂತಾರೆ. ಬಳಸಿ ಬಿಟ್ಟ ಮೆಮೊರಿಯನ್ನು ತಾನೇ ಗುಡಿಸಿ ಹಾಕುವ ಗಾರ್ಬೇಜ್ ಕಲೆಕ್ಟರ್ ಎರಡರಲ್ಲೂ ಇದೆ. ಡೇಟಾಬೇಸ್ ಜೊತೆ ಮಾತಾಡಲು, ವೆಬ್ ಪುಟ ಕಟ್ಟಲು, ಗುಪ್ತಲಿಪಿ ಮಾಡಲು ಬೇಕಾದ ಸಿದ್ಧ ಲೈಬ್ರರಿಗಳೂ ಎರಡರಲ್ಲೂ ರಾಶಿ ರಾಶಿ ಇವೆ. 'ಎಂಟರ್‌ಪ್ರೈಸ್ ಪ್ಲಾಟ್‌ಫಾರ್ಮ್' ಅನ್ನುವುದು ಈ ಇಡೀ ಕಟ್ಟಿಗೆ: ಭಾಷೆ, ದುಭಾಷಿ, ಲೈಬ್ರರಿ, ಸಾಧನಗಳು, ಜೊತೆಗೆ ಬರುವ ಲೈಸೆನ್ಸ್.

ಸರ್ಕಾರಿ ಅಥವಾ ಬ್ಯಾಂಕ್ ಜಾಲತಾಣದ ವಿಳಾಸದ ಕೊನೆಯಲ್ಲಿ 'ಡಾಟ್ ಎಎಸ್‌ಪಿಎಕ್ಸ್' ಅಂತ ನೋಡಿದ್ದೀರಾ? ಅದು ಸಾಮಾನ್ಯವಾಗಿ ಹಳೆಯ ಡಾಟ್‌ನೆಟ್‌ನ ಗುರುತು. 'ಡಾಟ್ ಜೆಎಸ್‌ಪಿ' ಕಂಡರೆ ಜಾವಾ. ಈಗ ಈ ಬಾಲಗಳನ್ನು ಮರೆಮಾಚುವವರೇ ಹೆಚ್ಚು, ಆದರೂ ಹಳೆಯ ಪುಟಗಳಲ್ಲಿ ಇನ್ನೂ ಸಿಗುತ್ತವೆ.

ಜಗಳ ಶುರುವಾಗಿದ್ದು ಹೇಗೆ?

ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತವರ ತಂಡ 1991ರಲ್ಲಿ ಶುರು ಮಾಡಿದ ಕೆಲಸ 1995ರ ಮೇ ತಿಂಗಳಲ್ಲಿ ಜಾವಾ ಹೆಸರಲ್ಲಿ ಹೊರಬಂತು. 'ಒಮ್ಮೆ ಬರೆಯಿರಿ, ಎಲ್ಲಿ ಬೇಕಾದರೂ ಓಡಿಸಿ' ಎಂಬುದು ಅದರ ಘೋಷಣೆ. ಇದು ಮೈಕ್ರೋಸಾಫ್ಟ್‌ಗೆ ನೇರ ಬೆದರಿಕೆ. ಪ್ರೋಗ್ರಾಂ ಎಲ್ಲಿ ಬೇಕಾದರೂ ಓಡುವುದಾದರೆ ವಿಂಡೋಸ್ ಯಾಕೆ ಬೇಕು?

ಮೈಕ್ರೋಸಾಫ್ಟ್ 1996ರಲ್ಲಿ ಜಾವಾ ಲೈಸೆನ್ಸ್ ತೆಗೆದುಕೊಂಡಿತು. ತೆಗೆದುಕೊಂಡು ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಸೌಲಭ್ಯಗಳನ್ನು ಅದಕ್ಕೆ ಸೇರಿಸಿತು. ಒಪ್ಪಂದ ಮುರಿದಿದ್ದೀರಿ ಎಂದು ಸನ್ 1997ರಲ್ಲಿ ಕೋರ್ಟಿಗೆ ಹೋಯಿತು. 2001ರ ಜನವರಿಯಲ್ಲಿ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟರೊಳಗೆ, 2000ದ ಜೂನ್‌ನಲ್ಲೇ, ತನ್ನದೇ ಉತ್ತರವನ್ನು ಪ್ರಕಟಿಸಿಯಾಗಿತ್ತು: ಡಾಟ್‌ನೆಟ್. ಅದರ ಮುಖ್ಯ ಭಾಷೆ ಸಿ ಶಾರ್ಪ್ ಅನ್ನು ರೂಪಿಸಿದವರು ಆಂಡರ್ಸ್ ಹೇಲ್ಸ್‌ಬರ್ಗ್. ಟರ್ಬೋ ಪ್ಯಾಸ್ಕಲ್, ಡೆಲ್ಫಿ ಬಳಸಿದ ಹಳಬರಿಗೆ ಈ ಹೆಸರು ಗೊತ್ತಿರುತ್ತದೆ. ಮೊದಲ ಆವೃತ್ತಿ 2002ರಲ್ಲಿ ಬಂತು. 2004ರಲ್ಲಿ ಎರಡೂ ಕಂಪನಿಗಳು ಉಳಿದ ವ್ಯಾಜ್ಯಗಳನ್ನೂ ಮುಗಿಸಿಕೊಂಡವು. ಆಗ ಮೈಕ್ರೋಸಾಫ್ಟ್ ಸನ್‌ಗೆ ಕೊಟ್ಟಿದ್ದು ಸುಮಾರು 200 ಕೋಟಿ ಡಾಲರ್.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ನಮ್ಮ ಟ್ರೈನಿಂಗ್ ಹಾಲ್‌ನ ಪಟ್ಟಿಯಲ್ಲಿದ್ದ ಎರಡು ಹೆಸರುಗಳು ಹುಟ್ಟಿದ್ದು 'ಯಾವ ಭಾಷೆ ಚೆಂದ' ಎಂಬ ಚರ್ಚೆಯಿಂದಲ್ಲ. ಯಾರ ಅಂಗಳದಲ್ಲಿ ಉಳಿದವರೆಲ್ಲ ಆಡಬೇಕು ಎಂಬ ವ್ಯಾಪಾರದ ಯುದ್ಧದಿಂದ.

ಸಾಕುಪ್ರಾಣಿ ಅಂಗಡಿಯ ಕಥೆ

ಎರಡು ಪ್ಲಾಟ್‌ಫಾರ್ಮ್‌ಗಳನ್ನು ಹೋಲಿಸುವುದು ಎಷ್ಟು ಜಾರು ನೆಲ ಎಂಬುದಕ್ಕೆ ಆ ಕಾಲದ್ದೇ ಒಂದು ಉದಾಹರಣೆ ಇದೆ. ಜಾವಾದಲ್ಲಿ ದೊಡ್ಡ ವ್ಯವಸ್ಥೆ ಕಟ್ಟುವುದು ಹೇಗೆಂದು ಕಲಿಸಲು ಸನ್ ಒಂದು ಮಾದರಿ ತಯಾರಿಸಿತ್ತು. ಸಾಕುಪ್ರಾಣಿಗಳನ್ನು ಮಾರುವ ಆನ್‌ಲೈನ್ ಅಂಗಡಿ, ಹೆಸರು 'ಪೆಟ್ ಸ್ಟೋರ್'. ಮೈಕ್ರೋಸಾಫ್ಟ್ 2001ರಲ್ಲಿ ಅದೇ ಅಂಗಡಿಯನ್ನು ಡಾಟ್‌ನೆಟ್‌ನಲ್ಲಿ ಕಟ್ಟಿ 'ಪೆಟ್ ಶಾಪ್' ಅಂತ ಹೆಸರಿಟ್ಟಿತು. ನಮ್ಮದರಲ್ಲಿ ಕೋಡ್ ಸುಮಾರು ಕಾಲು ಭಾಗ ಸಾಕು, ವೇಗವೋ ಹತ್ತಾರು ಪಟ್ಟು ಎಂದು ಡಂಗುರ ಸಾರಿತು.

ಜಾವಾ ಕಡೆಯವರ ಉತ್ತರ ಸರಳವಾಗಿತ್ತು: ಅದು ಪಾಠಕ್ಕೆಂದು ಬರೆದ ಕೋಡ್, ಓಟಕ್ಕೆ ಬಿಟ್ಟ ಕುದುರೆ ಅಲ್ಲ. ಬೇರೆ ಬೇರೆ ವಿನ್ಯಾಸಗಳನ್ನು ತೋರಿಸಲೆಂದೇ ಬೇಕಂತಲೇ ಉದ್ದಕ್ಕೆ ಬರೆದಿದ್ದು. 2002ರಲ್ಲಿ ದಿ ಮಿಡಲ್‌ವೇರ್ ಕಂಪನಿ ಎಂಬ ಸಂಸ್ಥೆ ಮತ್ತೊಮ್ಮೆ ಎರಡನ್ನೂ ಓಡಿಸಿ ವರದಿ ಕೊಟ್ಟಿತು. ಅದರಲ್ಲೂ ಡಾಟ್‌ನೆಟ್ ಗೆದ್ದಿತು. ಆದರೆ ಆ ಪರೀಕ್ಷೆಗೆ ದುಡ್ಡು ಹಾಕಿದ್ದು ಮೈಕ್ರೋಸಾಫ್ಟ್. ಜಾವಾ ಕೋಡನ್ನು ಸರಿಯಾಗಿ ಹದ ಮಾಡಿಲ್ಲ ಎಂಬ ಟೀಕೆ ಎಷ್ಟು ಜೋರಾಯಿತೆಂದರೆ 2003ರಲ್ಲಿ ನಿಯಮ ಬದಲಿಸಿ ಮತ್ತೆ ಪರೀಕ್ಷೆ ನಡೆಸಬೇಕಾಯಿತು.

ಚುನಾವಣಾ ಸಮೀಕ್ಷೆ ಓದುವಾಗ ನೀವು ಏನು ಕೇಳುತ್ತೀರಿ? ಯಾರು ದುಡ್ಡು ಕೊಟ್ಟರು, ಯಾರನ್ನು ಕೇಳಿದರು, ಪ್ರಶ್ನೆ ಏನಿತ್ತು. ಸಾಫ್ಟ್‌ವೇರ್ ಬೆಂಚ್‌ಮಾರ್ಕ್ ಓದುವಾಗಲೂ ಕೇಳಬೇಕಾದ್ದು ಇವೇ.

ಇವತ್ತು ಪಕ್ಕಪಕ್ಕ ಇಟ್ಟರೆ

ಎರಡು ದಶಕದ ಹಿಂದೆ ವ್ಯತ್ಯಾಸ ಸ್ಪಷ್ಟವಾಗಿತ್ತು. ಜಾವಾ ಅಂದರೆ ಒಂದು ಭಾಷೆ, ಹಲವು ಆಪರೇಟಿಂಗ್ ಸಿಸ್ಟಂ. ಡಾಟ್‌ನೆಟ್ ಅಂದರೆ ಹಲವು ಭಾಷೆ, ಒಂದೇ ಆಪರೇಟಿಂಗ್ ಸಿಸ್ಟಂ. ಈಗ ಆ ಗೆರೆ ಅಳಿಸಿಹೋಗಿದೆ.

*ಆಪರೇಟಿಂಗ್ ಸಿಸ್ಟಂ:* 2001ರಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಲಿನಕ್ಸ್ ಅನ್ನು ಕ್ಯಾನ್ಸರ್‌ಗೆ ಹೋಲಿಸಿದ್ದರು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲಾ 2014ರಲ್ಲಿ ಆ ಕುರ್ಚಿಗೆ ಬಂದರು. ಅದೇ ವರ್ಷ ನವೆಂಬರ್‌ನಲ್ಲಿ ಕಂಪನಿ ಡಾಟ್‌ನೆಟ್‌ನ ತಿರುಳನ್ನು ಓಪನ್ ಸೋರ್ಸ್ ಮಾಡುವುದಾಗಿ ಘೋಷಿಸಿತು. 2016ರಲ್ಲಿ ಬಂದ ಡಾಟ್‌ನೆಟ್ ಕೋರ್ ಲಿನಕ್ಸ್, ಮ್ಯಾಕ್‌ಗಳಲ್ಲೂ ಓಡುತ್ತದೆ. ಇದು ಹೃದಯ ಪರಿವರ್ತನೆಗಿಂತ ಹೆಚ್ಚಾಗಿ ಕ್ಲೌಡ್ ವ್ಯಾಪಾರದ ಲೆಕ್ಕಾಚಾರ. ಬಾಡಿಗೆ ಸರ್ವರ್‌ಗಳಲ್ಲಿ ಲಿನಕ್ಸ್ ಬೇಕು ಅನ್ನುವ ಗಿರಾಕಿಯನ್ನು ಕಳಿಸಿಬಿಡಲಾದೀತೇ?

*ಭಾಷೆ:* ಸಿ ಶಾರ್ಪ್ ಹೊಸ ಸೌಲಭ್ಯ ತರುವುದರಲ್ಲಿ ಮುಂದೆ. ಹಲವು ಕೆಲಸಗಳನ್ನು ಕಾಯದೇ ಮಾಡಿಸುವ 'ಅಸಿಂಕ್ ಅವೈಟ್' ಅಲ್ಲಿಗೆ 2012ರಲ್ಲೇ ಬಂತು. ಜಾವಾ ನಿಧಾನ. ಲ್ಯಾಂಬ್ಡಾ ಬರಲು 2014 ಆಯಿತು, ಲಕ್ಷಗಟ್ಟಲೆ ಕೆಲಸಗಳನ್ನು ಹಗುರವಾಗಿ ನಡೆಸುವ ವರ್ಚುವಲ್ ಥ್ರೆಡ್ ಪೂರ್ತಿಯಾಗಿ ಸಿಕ್ಕಿದ್ದು 2023ರ ಜಾವಾ 21ರಲ್ಲಿ. ಆದರೆ ಆ ನಿಧಾನದಿಂದ ಒಂದು ಲಾಭವೂ ಇದೆ: ಹಳೆಯ ಕೋಡ್ ಸುಲಭಕ್ಕೆ ಮುರಿಯುವುದಿಲ್ಲ. ಜಾವಾ ಭಾಷೆ ಇಷ್ಟವಿಲ್ಲದವರು ಅದೇ ಜೆವಿಎಂ ಮೇಲೆ ಕಾಟ್ಲಿನ್ ಅಥವಾ ಸ್ಕಾಲಾ ಬರೆಯಬಹುದು.

*ಆವೃತ್ತಿ:* ಜಾವಾ ಆರು ತಿಂಗಳಿಗೊಮ್ಮೆ, ಡಾಟ್‌ನೆಟ್ ಪ್ರತಿ ನವೆಂಬರ್‌ನಲ್ಲಿ. ದೀರ್ಘಕಾಲದ ಬೆಂಬಲ ಡಾಟ್‌ನೆಟ್‌ನಲ್ಲಿ ಮೂರು ವರ್ಷ. ಜಾವಾದಲ್ಲಿ ಯಾರಿಂದ ಪಡೆಯುತ್ತೀರಿ ಎಂಬುದರ ಮೇಲೆ ಹೆಚ್ಚು ಕಡಿಮೆ. ಹತ್ತು ವರ್ಷ ಮುಟ್ಟದೇ ಇಡುತ್ತೇವೆ ಅನ್ನುವ ಕಚೇರಿಗೆ ಇದು ಸಣ್ಣ ವಿಷಯವಲ್ಲ.

*ವೇಗ:* ಸಾಮಾನ್ಯ ಕಚೇರಿ ಕೆಲಸದ ವ್ಯವಸ್ಥೆಗಳಲ್ಲಿ ಎರಡೂ ಸಾಕಷ್ಟು ವೇಗವಾಗಿವೆ. ನಿಮ್ಮ ಪೋರ್ಟಲ್ ನಿಧಾನವಾಗಿದ್ದರೆ ಹತ್ತರಲ್ಲಿ ಒಂಬತ್ತು ಸಲ ಡೇಟಾಬೇಸ್ ಕ್ವೆರಿ ನೋಡಿ, ಭಾಷೆಯನ್ನಲ್ಲ. ಇದು ಅಂಕಿಅಂಶವಲ್ಲ, ಅನುಭವದ ಮಾತು.

*ಕೆಲಸ:* ನಮ್ಮ ಊರುಗಳಲ್ಲಿ ಎರಡಕ್ಕೂ ಜನ ಸಿಗುತ್ತಾರೆ, ಎರಡಕ್ಕೂ ಕೆಲಸ ಇದೆ. ಒಂದು ಚೆನ್ನಾಗಿ ಬಂದರೆ ಇನ್ನೊಂದು ಕೆಲವೇ ವಾರಗಳ ಮಾತು.

ಹಾಗಾದರೆ ಹೋಲಿಕೆ ಇಲ್ಲಿಗೆ ಮುಗಿಯಿತೇ? ಇಲ್ಲ. ನಿಜವಾದ ಹೋಲಿಕೆ ಶುರುವಾಗುವುದು ಇಲ್ಲಿಂದ.

ಮೊದಲ ಪ್ರಶ್ನೆ: ಯಜಮಾನ ಯಾರು?

ಸನ್ 2006ರಲ್ಲಿ ಜಾವಾವನ್ನು ಓಪನ್ ಸೋರ್ಸ್ ಮಾಡಲು ಮುಂದಾಯಿತು. ಅದರಿಂದ ಬಂದಿದ್ದೇ ಓಪನ್‌ಜೆಡಿಕೆ. 2010ರಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಕೊಂಡಿತು. ಅದೇ ವರ್ಷ ಆಂಡ್ರಾಯ್ಡ್‌ನಲ್ಲಿ ಜಾವಾದ ಭಾಗಗಳನ್ನು ಬಳಸಿದ್ದಕ್ಕೆ ಗೂಗಲ್ ಮೇಲೆ ಒರಾಕಲ್ ಕೇಸು ಹಾಕಿತು. ಜಗಳ ಇದ್ದಿದ್ದು ಸುಮಾರು 11,500 ಸಾಲುಗಳ ಬಗ್ಗೆ. ಹನ್ನೊಂದು ವರ್ಷದ ನಂತರ, 2021ರ ಏಪ್ರಿಲ್‌ನಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ 6–2ರ ಬಹುಮತದಲ್ಲಿ ಗೂಗಲ್ ಪರ ತೀರ್ಪು ಕೊಟ್ಟಿತು. ಅದು ಸೋತಿದ್ದರೆ, ಇನ್ನೊಬ್ಬರ ಸಾಫ್ಟ್‌ವೇರ್ ಜೊತೆ ಹೊಂದಿಕೊಳ್ಳುವ ಸಾಫ್ಟ್‌ವೇರ್ ಬರೆಯುವುದೇ ಅಪಾಯದ ಕೆಲಸವಾಗುತ್ತಿತ್ತು.

2023ರ ಜನವರಿಯಲ್ಲಿ ಒರಾಕಲ್ ತನ್ನ ಜಾವಾ ಚಂದಾದ ಲೆಕ್ಕವನ್ನೇ ಬದಲಿಸಿತು. ಎಷ್ಟು ಜನ ಜಾವಾ ಬಳಸುತ್ತಾರೆ ಎಂಬುದರ ಮೇಲಲ್ಲ, ಸಂಸ್ಥೆಯಲ್ಲಿ ಒಟ್ಟು ಎಷ್ಟು ಉದ್ಯೋಗಿಗಳಿದ್ದಾರೆ ಎಂಬುದರ ಮೇಲೆ ದರ. ಸಾವಿರಕ್ಕಿಂತ ಕಡಿಮೆ ಜನರಿದ್ದರೆ ತಲೆಗೆ ತಿಂಗಳಿಗೆ 15 ಡಾಲರ್. ಅಂದರೆ 500 ಜನರ ಕಂಪನಿಯಲ್ಲಿ ಹತ್ತೇ ಜನ ಜಾವಾ ಮುಟ್ಟಿದರೂ ಪಟ್ಟಿ ದರದಲ್ಲಿ ವರ್ಷಕ್ಕೆ 90,000 ಡಾಲರ್. ಗೇಟಿನ ಸೆಕ್ಯುರಿಟಿಯವರೂ ಲೆಕ್ಕಕ್ಕೆ ಬರಬಹುದು.

ಆದರೂ ಜಾವಾ ಬಳಸುವವರು ಬೀದಿಗೆ ಬೀಳಲಿಲ್ಲ. ಯಾಕಂದ್ರೆ ಓಪನ್‌ಜೆಡಿಕೆ ಕೋಡ್ ಎಲ್ಲರ ಕೈಯಲ್ಲಿತ್ತು. ಎಕ್ಲಿಪ್ಸ್‌ನ ಟೆಮುರಿನ್, ಅಮೆಜಾನ್‌ನ ಕೊರೆಟ್ಟೊ, ಅಜುಲ್, ರೆಡ್ ಹ್ಯಾಟ್ ಹೀಗೆ ಅದೇ ಜಾವಾವನ್ನು ಕೊಡುವವರು ಹಲವರಿದ್ದಾರೆ. 2021ರಿಂದ ಮೈಕ್ರೋಸಾಫ್ಟ್ ಕೂಡ ತನ್ನದೇ ಓಪನ್‌ಜೆಡಿಕೆ ಕೊಡುತ್ತಿದೆ. 1997ರಲ್ಲಿ ಜಾವಾ ಕೆಡಿಸಿದ ಆರೋಪ ಹೊತ್ತವರು ಈಗ ಜಾವಾ ಹಂಚುತ್ತಿದ್ದಾರೆ!

ಡಾಟ್‌ನೆಟ್ ಕಡೆ ಚಿತ್ರ ಬೇರೆ. ಲೈಸೆನ್ಸ್ ಉದಾರ, ಬಳಸಲು ದುಡ್ಡಿಲ್ಲ. ಆದರೆ ದಿಕ್ಕು ನಿರ್ಧರಿಸುವುದು ಬಹುಮಟ್ಟಿಗೆ ಒಂದೇ ಕಂಪನಿ. 2021ರ ಅಕ್ಟೋಬರ್‌ನಲ್ಲಿ ಡಾಟ್‌ನೆಟ್ 6 ಬಿಡುಗಡೆಗೆ ಕೆಲವೇ ವಾರಗಳಿದ್ದಾಗ, ಕೋಡ್ ಬದಲಿಸಿದ ತಕ್ಷಣ ಫಲಿತಾಂಶ ತೋರಿಸುವ 'ಹಾಟ್ ರಿಲೋಡ್' ಸೌಲಭ್ಯವನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ಸಿಗುವ ಸಾಧನದಿಂದ ತೆಗೆದು ತನ್ನ ವಿಷುಯಲ್ ಸ್ಟುಡಿಯೋದಲ್ಲಿ ಉಳಿಸಿಕೊಂಡಿತು. ಡೆವಲಪರ್‌ಗಳು ಸಿಟ್ಟಿಗೆದ್ದರು. ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿದು ಆ ಕೋಡನ್ನು ವಾಪಸ್ ಸೇರಿಸಿತು. ಜನ ಗೆದ್ದರು ನಿಜ. ಆದರೆ ಓಪನ್ ಸೋರ್ಸ್ ಅನ್ನುವ ಬೋರ್ಡ್ ಇದ್ದರೂ ಕೀಲಿಕೈ ಯಾರ ಸೊಂಟದಲ್ಲಿದೆ ಎಂಬುದೂ ಆವತ್ತು ಗೊತ್ತಾಯಿತು.

ಎರಡನೇ ಪ್ರಶ್ನೆ: ಬಿಟ್ಟು ಹೋಗಲು ಎಷ್ಟು ಖರ್ಚು?

ನುಡಿ ಅಥವಾ ಬರಹದಲ್ಲಿ ಇಪ್ಪತ್ತು ವರ್ಷದ ಹಿಂದೆ ಟೈಪ್ ಮಾಡಿದ ಫೈಲನ್ನು ಇವತ್ತಿನ ಫೋನಿನಲ್ಲಿ ತೆರೆದು ನೋಡಿ. ಕನ್ನಡದ ಬದಲು ಚಿತ್ರವಿಚಿತ್ರ ಇಂಗ್ಲಿಷ್ ಗುರುತುಗಳು. ಅಕ್ಷರ ನಿಮ್ಮದೇ, ಬೆರಳು ನಿಮ್ಮದೇ, ಆದರೂ ಆ ಫಾಂಟ್ ಇಲ್ಲದೇ ಓದಲಾಗುವುದಿಲ್ಲ. ಯೂನಿಕೋಡ್ ಎಂಬ ಎಲ್ಲರಿಗೂ ಸಾಮಾನ್ಯವಾದ ಮಾನದಂಡ ಬರುವವರೆಗೆ ನಮ್ಮ ಬರಹ ಆಯಾ ತಂತ್ರಾಂಶದ ಒತ್ತೆಯಲ್ಲಿತ್ತು. ಸಾಫ್ಟ್‌ವೇರ್ ಲೋಕದಲ್ಲಿ ಲಾಕ್-ಇನ್ ಅನ್ನುವುದು ಇದಕ್ಕೇ.

ದೊಡ್ಡ ಪ್ರಮಾಣದಲ್ಲಿ ಇದು ಹೇಗಿರುತ್ತದೆ ಎಂಬುದಕ್ಕೆ ವಿಷುಯಲ್ ಬೇಸಿಕ್ 6 ಸಾಕ್ಷಿ. 1998ರಲ್ಲಿ ಬಂದ ಅದರಲ್ಲಿ ಜಗತ್ತಿನಾದ್ಯಂತ ಸಣ್ಣ ದೊಡ್ಡ ಕಚೇರಿಗಳು ತಮ್ಮ ಲೆಕ್ಕ ಬರೆದುಕೊಂಡವು. ಡಾಟ್‌ನೆಟ್ ಬಂದಾಗ ಹೊಸ ವಿಷುಯಲ್ ಬೇಸಿಕ್‌ಗೆ ಹಳೆಯ ಕೋಡ್ ಹೊಂದಲಿಲ್ಲ. 2005ರಲ್ಲಿ ಮುಖ್ಯ ಬೆಂಬಲ ನಿಂತಾಗ ಮೈಕ್ರೋಸಾಫ್ಟ್ ತಾನೇ ಮಾನ್ಯತೆ ಕೊಟ್ಟಿದ್ದ ಪರಿಣತರೇ ಅರ್ಜಿ ಹಾಕಿ ಬೇಡಿಕೊಂಡರು. ಪ್ರಯೋಜನವಾಗಲಿಲ್ಲ. ಮುಂದೆ ಡಾಟ್‌ನೆಟ್ ಕೋರ್ ಬಂದಾಗ ವೆಬ್ ಫಾರ್ಮ್ಸ್ ಎಂಬ, ಆ ಎಎಸ್‌ಪಿಎಕ್ಸ್ ಪುಟಗಳ ತಂತ್ರಜ್ಞಾನವನ್ನೂ ಹೊಸ ಮನೆಗೆ ಕರೆದೊಯ್ಯಲಿಲ್ಲ. ಅದನ್ನು ನೆಚ್ಚಿದ ಕಚೇರಿಗಳು ಇವತ್ತಿಗೂ ವಿಂಡೋಸ್ ಸರ್ವರ್ ಜೊತೆ ಕಟ್ಟಿಹಾಕಿಕೊಂಡಿವೆ.

ಜಾವಾದವರೂ ಪೂರ್ತಿ ಪಾರಾಗಲಿಲ್ಲ. ಒರಾಕಲ್ 2017ರಲ್ಲಿ ಜಾವಾದ ಎಂಟರ್‌ಪ್ರೈಸ್ ಭಾಗವನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಕೊಟ್ಟಿತು, ಆದರೆ ಟ್ರೇಡ್‌ಮಾರ್ಕ್ ಕೊಡಲಿಲ್ಲ. ಹಾಗಾಗಿ ಅದಕ್ಕೆ ಜಕಾರ್ತಾ ಅಂತ ಮರುನಾಮಕರಣವಾಯಿತು. 2020ರಲ್ಲಿ ಕೋಡಿನೊಳಗಿನ 'ಜಾವಾಎಕ್ಸ್' ಎಂಬ ಹೆಸರುಗಳನ್ನೂ 'ಜಕಾರ್ತಾ' ಅಂತ ತಿದ್ದಬೇಕಾಯಿತು. ಕೆಲಸದಲ್ಲಿ ಏನೂ ಬದಲಾಗಲಿಲ್ಲ. ಹೆಸರಿನ ಹಕ್ಕಿಗಾಗಿ ಲೋಕದ ತುಂಬ ಎಷ್ಟೋ ತಂಡಗಳು ಕೂತು ಕೋಡ್ ತಿದ್ದಿದವು.

ಮೂರನೇ ಪ್ರಶ್ನೆ: ಕೆಲಸ ಮಾಡುವ ರೀತಿ ಹೇಗಿದೆ?

ಇದು ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವಂಥದ್ದು. ಮೂರು ಅವಘಡಗಳನ್ನು ನೋಡೋಣ.

ಈಕ್ವಿಫ್ಯಾಕ್ಸ್ ಅಮೆರಿಕದ ಕ್ರೆಡಿಟ್ ಬ್ಯೂರೋ, ಯಾರಿಗೆ ಸಾಲ ಕೊಡಬಹುದು ಎಂಬ ಮಾಹಿತಿ ಇಟ್ಟುಕೊಳ್ಳುವ ಸಂಸ್ಥೆ. 2017ರಲ್ಲಿ ಅಲ್ಲಿಂದ ಸುಮಾರು 14.7 ಕೋಟಿ ಜನರ ಖಾಸಗಿ ವಿವರ ಕದಿಯಲಾಯಿತು. ಕಳ್ಳರು ನುಗ್ಗಿದ್ದು ಅಪಾಚೆ ಸ್ಟ್ರಟ್ಸ್ ಎಂಬ ಜಾವಾ ಫ್ರೇಮ್‌ವರ್ಕ್‌ನ ತೂತಿನಿಂದ. ಅದನ್ನು ಮುಚ್ಚುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಕಳ್ಳತನ ಶುರುವಾಗಿದ್ದು ಮೇ ತಿಂಗಳಲ್ಲಿ. ನಡುವಿನ ಎರಡು ತಿಂಗಳು ಆ ಪ್ಯಾಚ್ ಹಾಕಿರಲೇ ಇಲ್ಲ.

2020ರ ಡಿಸೆಂಬರ್‌ನಲ್ಲಿ ಸೋಲಾರ್‌ವಿಂಡ್ಸ್ ಕಂಪನಿಯ ಒರಾಯನ್ ಎಂಬ, ಡಾಟ್‌ನೆಟ್‌ನಲ್ಲಿ ಬರೆದ ಸಾಫ್ಟ್‌ವೇರ್‌ನಲ್ಲಿ ವಿಷ ಪತ್ತೆಯಾಯಿತು. ದಾಳಿಕೋರರು ಕೋಡನ್ನು ಪ್ಯಾಕ್ ಮಾಡುವ ಬಿಲ್ಡ್ ಯಂತ್ರದೊಳಗೇ ಕೂತಿದ್ದರು. ಇಂಜಿನಿಯರ್ ನೋಡುವ ಕೋಡ್ ಶುದ್ಧ, ಗಿರಾಕಿಗೆ ಹೋಗುವ ಫೈಲ್ ಅಶುದ್ಧ. ಅಧಿಕೃತ ಅಪ್‌ಡೇಟ್ ಎಂದೇ ಅದು ಸುಮಾರು 18,000 ಸಂಸ್ಥೆಗಳಿಗೆ ತಲುಪಿತ್ತು.

ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಕಂಪನಿ 2012ರ ಆಗಸ್ಟ್ 1ರಂದು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಮಾತ್ರ ಹೊಸ ಕೋಡ್ ಹಾಕಿದ್ದರು. ಎಂಟನೆಯದರಲ್ಲಿ ವರ್ಷಗಳಿಂದ ಮಲಗಿದ್ದ ಹಳೆಯ ಕೋಡ್ ಎದ್ದು ಕೂತು ತಪ್ಪು ಆರ್ಡರ್‌ಗಳನ್ನು ಸುರಿಯಿತು.

ಒಂದು ಜಾವಾ, ಒಂದು ಡಾಟ್‌ನೆಟ್, ಇನ್ನೊಂದರಲ್ಲಿ ಭಾಷೆ ಯಾವುದೆಂಬುದೇ ಮುಖ್ಯವಲ್ಲ. ಮೂರರಲ್ಲೂ ಕೈಕೊಟ್ಟಿದ್ದು ಕೆಲಸದ ಶಿಸ್ತು: ಯಾವ ಲೈಬ್ರರಿ ಬಳಸಿದ್ದೇವೆ ಎಂಬ ಪಟ್ಟಿ, ಪ್ಯಾಚ್ ಹಾಕುವ ಜವಾಬ್ದಾರಿ, ಬಿಲ್ಡ್ ಯಂತ್ರದ ಕಾವಲು, ಎಲ್ಲ ಸರ್ವರ್‌ಗೂ ಒಂದೇ ಆವೃತ್ತಿ ಹೋಗಿದೆಯೇ ಎಂದು ನೋಡುವ ಎರಡನೇ ಕಣ್ಣು.

ಈ ಶಿಸ್ತಿಗೆ ಪ್ಲಾಟ್‌ಫಾರ್ಮ್ ಭೇದ ಇಲ್ಲ. ಕೋಡಿನ ತುಣುಕುಗಳನ್ನು ತಾನೇ ಪರೀಕ್ಷಿಸುವ ಜೆಯುನಿಟ್ ಅನ್ನು ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ಕೂತು ಜಾವಾಗೆ ಬರೆದರು. ಡಾಟ್‌ನೆಟ್‌ನವರು ಅದನ್ನೇ ಎನ್‌ಯುನಿಟ್ ಮಾಡಿಕೊಂಡರು. ಪ್ರತಿ ಬದಲಾವಣೆಯನ್ನೂ ಕೂಡಲೇ ಕಟ್ಟಿ ಪರೀಕ್ಷಿಸುವ ಜೆಂಕಿನ್ಸ್ ಹುಟ್ಟಿದ್ದು ಸನ್ ಕಂಪನಿಯಲ್ಲಿ, ಬಳಸುವವರು ಎರಡೂ ಕಡೆ. ಯಾರು, ಯಾವಾಗ, ಏನು ಬದಲಿಸಿದರು ಎಂಬ ಇತಿಹಾಸ ಇಡುವ ಗಿಟ್, ಇನ್ನೊಬ್ಬರ ಕೋಡನ್ನು ಓದಿ ಒಪ್ಪುವ ರಿವ್ಯೂ, ಇವೂ ಅಷ್ಟೇ.

ನಾನಿದ್ದ ತಂಡಕ್ಕೆ ಒಮ್ಮೆ ಡಾಟ್‌ನೆಟ್ ವ್ಯವಸ್ಥೆಯೊಂದನ್ನು ಜಾವಾಗೆ ಬದಲಿಸುವ ಕೆಲಸ ಬಂದಿತ್ತು. ಹಳೆಯದು ತಪ್ಪು ಲೆಕ್ಕ ಕೊಡುತ್ತೆ ಅನ್ನುವುದು ಗಿರಾಕಿಯ ದೂರು. ಹಳೆಯ ಕೋಡಿಗೆ ಒಂದೇ ಒಂದು ಟೆಸ್ಟ್ ಇರಲಿಲ್ಲ, ನಿಯಮಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ಡೆಡ್‌ಲೈನ್ ಮಾತ್ರ ಇತ್ತು. ಸಾಲಿಗೆ ಸಾಲು ನೋಡಿಕೊಂಡು ಜಾವಾದಲ್ಲಿ ಬರೆದೆವು. ಒಂದೂವರೆ ವರ್ಷದ ನಂತರ ಹೊಸ ವ್ಯವಸ್ಥೆ ಅದೇ ತಪ್ಪು ಲೆಕ್ಕವನ್ನು ಕೊಟ್ಟಿತು, ಪೈಸೆಗೆ ಪೈಸೆ. ಸೋರುವ ಸೂರಿನ ಅಳತೆ ತೆಗೆದು ಹೊಸ ಮನೆಗೂ ಅದನ್ನೇ ಹೊದಿಸಿದ್ದೆವು. ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಟೆಸ್ಟ್ ಬರೆಯಲು ಸಮಯ ಕೊಡಿ ಅಂತ ಒಂದೇ ಸಲ ಕೇಳಿ ಸುಮ್ಮನಾಗಿದ್ದೆ.

ನಮ್ಮ ದುಡ್ಡು, ನಮ್ಮ ಡೇಟಾ

ಖಾಸಗಿ ಗಿರಾಕಿಗೆ ಇದು ನಷ್ಟ. ಸರ್ಕಾರದ ವಿಷಯದಲ್ಲಿ ಇದು ಹಕ್ಕಿನ ಪ್ರಶ್ನೆ. 2021ರ ಜೂನ್ 7ರಂದು ಆದಾಯ ತೆರಿಗೆಯ ಹೊಸ ಪೋರ್ಟಲ್ ಶುರುವಾಯಿತು. ಕಟ್ಟಿದ್ದು ಇನ್ಫೋಸಿಸ್. ಯೋಜನೆಗೆ ಕೇಂದ್ರ ಸಂಪುಟ 2019ರಲ್ಲಿ ಒಪ್ಪಿದ ಮೊತ್ತ 4,242 ಕೋಟಿ ರೂಪಾಯಿ. ಮೊದಲ ದಿನದಿಂದಲೇ ತೊಂದರೆ. ಆಗಸ್ಟ್‌ನಲ್ಲಿ ಹಣಕಾಸು ಸಚಿವೆ ಕಂಪನಿಯ ಮುಖ್ಯಸ್ಥರನ್ನು ಕರೆಸಿ ವಿವರಣೆ ಕೇಳಿದರು. ಸೆಪ್ಟೆಂಬರ್‌ನಲ್ಲಿ ಪಾಂಚಜನ್ಯ ವಾರಪತ್ರಿಕೆ ಇದರ ಹಿಂದೆ ದೇಶವಿರೋಧಿ ಶಕ್ತಿಗಳಿರಬಹುದೇ ಎಂಬ ಧಾಟಿಯಲ್ಲಿ ಬರೆಯಿತು, ಆರೆಸ್ಸೆಸ್ ಅದರಿಂದ ಅಂತರ ಕಾಯ್ದುಕೊಂಡಿತು. ದೇಶಭಕ್ತಿಯ ಬಗ್ಗೆ ಇಷ್ಟೆಲ್ಲ ಮಾತಾಡಿದೆವು. ಬಿಡುಗಡೆಗೆ ಮುಂಚೆ ಎಷ್ಟು ಜನರ ಭಾರ ಹಾಕಿ ಪರೀಕ್ಷಿಸಿದ್ದರು, ಹಂತ ಹಂತವಾಗಿ ಯಾಕೆ ಬಿಡಲಿಲ್ಲ, ಸಿದ್ಧವಾಗಿದೆ ಎಂದು ಸಹಿ ಹಾಕಿದ್ದು ಯಾರು ಎಂಬ ಪ್ರಶ್ನೆಗಳು ಗದ್ದಲದಲ್ಲಿ ಮುಳುಗಿಹೋದವು.

ಕಾಗದದ ಮೇಲೆ ನಮ್ಮಲ್ಲಿ ಒಳ್ಳೆಯ ನೀತಿಗಳಿವೆ. ಕೇಂದ್ರದ 2015ರ ಓಪನ್ ಸೋರ್ಸ್ ನೀತಿ ಇ-ಆಡಳಿತದ ವ್ಯವಸ್ಥೆಗಳಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡಬೇಕು, ಬಳಸದಿದ್ದರೆ ಸರಬರಾಜುದಾರ ಕಾರಣ ಕೊಡಬೇಕು ಅನ್ನುತ್ತದೆ. ರಾಜ್ಯಗಳು ಬಯಸಿದರೆ ಅಳವಡಿಸಿಕೊಳ್ಳಬಹುದು. ಸರ್ಕಾರಿ ತಂತ್ರಾಂಶಗಳ ಸೋರ್ಸ್ ಕೋಡ್ ತೆರೆಯುವ ಬಗ್ಗೆಯೂ ಅದೇ ವರ್ಷದ ಇನ್ನೊಂದು ನೀತಿ ಇದೆ. ಯಾವ ಸಾಫ್ಟ್‌ವೇರ್‌ನಲ್ಲಿ ಯಾವ ಯಾವ ಘಟಕಗಳಿವೆ ಎಂಬ ಪಟ್ಟಿ ಇಡುವ ಬಗ್ಗೆ ಸರ್ಟ್-ಇನ್ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಓಪನ್ ಸೋರ್ಸ್ ಬಳಸುವುದು ಬೇರೆ, ಪಾರದರ್ಶಕವಾಗಿರುವುದು ಬೇರೆ. ಆಧಾರ್ ವ್ಯವಸ್ಥೆಯನ್ನು ಕಟ್ಟಿರುವುದು ಬಹುಪಾಲು ಓಪನ್ ಸೋರ್ಸ್ ಘಟಕಗಳ ಮೇಲೆ. ಆದರೆ ಆ ಘಟಕಗಳ ಮೇಲೆ ಬರೆದ ಮೂಲ ಕೋಡ್ ನಮಗೆ ನೋಡಲು ಸಿಗುವುದಿಲ್ಲ. ಅದೇ ಆರೋಗ್ಯ ಸೇತು ಆ್ಯಪ್ ವಿಷಯದಲ್ಲಿ ಜನ ಪಟ್ಟು ಹಿಡಿದಿದ್ದರಿಂದ 2020ರ ಮೇ 26ರಂದು ಆಂಡ್ರಾಯ್ಡ್ ಆವೃತ್ತಿಯ ಕೋಡ್ ಹೊರಬಂತು. ಸ್ವಿಟ್ಜರ್ಲೆಂಡ್‌ನಲ್ಲಿ 2024ರಿಂದ ಇದಕ್ಕೆ ಕಾನೂನೇ ಇದೆ: ಕೆಲವು ವಿನಾಯಿತಿ ಬಿಟ್ಟರೆ ಒಕ್ಕೂಟ ಸರ್ಕಾರ ಬರೆಸಿದ ಸಾಫ್ಟ್‌ವೇರ್‌ನ ಕೋಡ್ ಸಾರ್ವಜನಿಕ.

ಕೇಳಬೇಕಾದ್ದು

ನಿಮ್ಮ ಜಿಲ್ಲೆಯಲ್ಲೋ ರಾಜ್ಯದಲ್ಲೋ ಹೊಸ ಪೋರ್ಟಲ್, ಹೊಸ ಆ್ಯಪ್ ಉದ್ಘಾಟನೆ ಆದಾಗ 'ಯಾವ ಟೆಕ್ನಾಲಜಿ' ಎಂಬುದಕ್ಕಿಂತ ಮೊದಲು ಇವನ್ನು ಕೇಳಿ. ಟೆಂಡರ್ ದಾಖಲೆಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಉಳಿದಿದ್ದಕ್ಕೆ ಆರ್‌ಟಿಐ ಇದೆ.

– ಸೋರ್ಸ್ ಕೋಡ್ ಯಾರದ್ದು? ಗುತ್ತಿಗೆ ಮುಗಿದ ಮೇಲೆ ಇಲಾಖೆಯ ಕೈಗೆ ಬರುತ್ತದೆಯೇ?

– ಬೇರೆ ಕಂಪನಿಗೆ ವಹಿಸಬೇಕಾದರೆ ಡೇಟಾ ಯಾವ ರೂಪದಲ್ಲಿ ಹೊರಬರುತ್ತದೆ? ಅದು ಮುಕ್ತ ಮಾನದಂಡವೇ? ಕನ್ನಡ ಯೂನಿಕೋಡ್‌ನಲ್ಲಿದೆಯೇ?

– ಲೈಸೆನ್ಸ್ ಲೆಕ್ಕ ಹೇಗೆ: ಸರ್ವರ್‌ಗೋ, ಬಳಕೆದಾರರಿಗೋ, ಒಟ್ಟು ನೌಕರರಿಗೋ? ಐದನೇ ವರ್ಷದ ಖರ್ಚು ಎಷ್ಟು?

– ಬಳಸಿದ ಪ್ಲಾಟ್‌ಫಾರ್ಮ್ ಆವೃತ್ತಿಗೆ ಬೆಂಬಲ ಎಲ್ಲಿಯವರೆಗೆ? ಆಮೇಲೆ ಬದಲಿಸಲು ಹಣ ಇಟ್ಟಿದ್ದಾರೆಯೇ?

– ಒಳಗಿರುವ ಲೈಬ್ರರಿಗಳ ಪಟ್ಟಿ ಇದೆಯೇ? ತೂತು ಗೊತ್ತಾದ ಮೇಲೆ ಎಷ್ಟು ದಿನದೊಳಗೆ ಪ್ಯಾಚ್ ಹಾಕಬೇಕೆಂದು ಕರಾರಿನಲ್ಲಿದೆ?

– ಬಿಡುಗಡೆಗೆ ಮುಂಚೆ ಹೊರಗಿನವರು ಪರೀಕ್ಷಿಸಿದ್ದಾರೆಯೇ? ಆ ವರದಿ ಎಲ್ಲಿ?

ಕೆಲವಕ್ಕೆ 'ವಾಣಿಜ್ಯ ಗೌಪ್ಯತೆ' ಎಂಬ ಉತ್ತರ ಬರಬಹುದು. ಆರ್‌ಟಿಐ ಕಾಯ್ದೆಯ ಸೆಕ್ಷನ್ 8(1)(ಡಿ) ಆ ವಿನಾಯಿತಿ ಕೊಡುತ್ತದೆ, ನಿಜ. ಆದರೆ ವಿಶಾಲ ಸಾರ್ವಜನಿಕ ಹಿತ ಇದ್ದರೆ ಮಾಹಿತಿ ಕೊಡಬೇಕೆಂದು ಅದೇ ಸೆಕ್ಷನ್ ಹೇಳುತ್ತದೆ. ಮೊದಲ ಉತ್ತರಕ್ಕೆ ಸುಮ್ಮನಾಗಬೇಡಿ, ಮೇಲ್ಮನವಿ ಹಾಕಿ.

ಆ ಹಳೆಯ ರೂಮ್‌ಮೇಟ್ ಮೊನ್ನೆ ಸಿಕ್ಕಿದ್ದ. ಕಂಪನಿ ಬದಲಿಸಿ ಈಗ ಡಾಟ್‌ನೆಟ್‌ನಲ್ಲಿ ಕೆಲಸ ಮಾಡ್ತಾನಂತೆ. "ಜಾವಾ ಬಿಟ್ಟು ಬರೋಕೆ ಕಷ್ಟ ಆಯ್ತೇನೋ?" ಅಂದೆ. "ಸಿ ಶಾರ್ಪ್ ಒಂದು ತಿಂಗಳಲ್ಲಿ ಬಂತು ಮಾರಾಯ. ಅಲ್ಲಿನ ಹಳೇ ಕೋಡ್ ಏನು ಮಾಡ್ತಿದೆ ಅಂತ ಅರ್ಥ ಮಾಡ್ಕೊಳ್ಳೋಕೆ ಒಂದು ವರ್ಷ ಹಿಡೀತು. ಒಂದು ಟೆಸ್ಟ್ ಇಲ್ಲ, ಒಂದು ಸಾಲು ವಿವರ ಇಲ್ಲ" ಅಂದ. ಆ ರಾತ್ರಿ ನಾವು ಭಾಷೆ ಬಗ್ಗೆ ಜಗಳ ಆಡಲಿಲ್ಲ.